ಗಂಡಾಂತರ ನುಂಗುವ ಮೀನು

ಬನ್ನಿ ಮಕ್ಕಳೇ, ಹತ್ತಿರ ಕೂತುಕೊಳ್ಳಿ. ಇವತ್ತು ಮೀನಿನ ಕಥೆ. ಮೀನು ಮಾತಾಡುತ್ತದಾ ಅಂತ ಈಗಲೇ ಕೇಳಬೇಡಿ. ಬೇರೆ ಕಥೆಗಳಲ್ಲಿ ಮಾತಾಡುತ್ತವೆ, ಉಂಗುರ ನುಂಗುತ್ತವೆ, ವರವನ್ನೂ ಕೊಡುತ್ತವೆ. ಈ ಕಥೆಯ ಮೀನುಗಳಿಗೆ ಬಾಯಿತ್ತು, ಮಾತಿರಲಿಲ್ಲ. ಮಾತಿದ್ದಿದ್ದರೆ ಇದನ್ನು ಹೇಳುವ ಸಂಕಟ ನನಗೂ ಇರುತ್ತಿರಲಿಲ್ಲ.

ಒಂದು ಸೀಮೆ. ಆ ಸೀಮೆಗೆ ಒಬ್ಬ ದೊರೆ. ದೊರೆ ಕೆಟ್ಟವನಲ್ಲ, ಆದರೆ ಹಿತ್ತಾಳೆ ಕಿವಿ. ಮೊದಲು ಯಾರು ಬಂದು ಊದಿದರೋ ಅವರದೇ ವೇದವಾಕ್ಯ. ದೊರೆಯೇ ಹಾಗಿದ್ದ ಮೇಲೆ ಪ್ರಜೆಗಳನ್ನು ಏನು ಹೇಳುವುದು?

ದೊರೆ ಇದ್ದ ಊರಿಗೆ ಸಿಂಗಾರಪ್ಪ ಅಂತ ಒಬ್ಬ ವ್ಯಾಪಾರಿ ಬಂದ. ಅರಮನೆ ಬೀದಿಯಲ್ಲೇ ಅಂಗಡಿ ಹಾಕಿದ. ಅಂಗಡಿ ತುಂಬ ಗಾಜಿನ ಜಾಡಿ. ಜಾಡಿಗೊಂದು ಬಣ್ಣದ ಮೀನು. ಕೆಂಪು, ನೀಲಿ, ಹೊಂಬಣ್ಣ. ಕೆರೆಯ ಮೀನನ್ನು ಸಾರಿನಲ್ಲಿ ಮಾತ್ರ ಕಂಡಿದ್ದ ಜನಕ್ಕೆ ಕಣ್ಣು ಕೀಳಲಾಗಲಿಲ್ಲ. ಇದಕ್ಕೆ ಏನು ಬೇಕು ಅಂತ ಕೇಳಿದರು. ಏನೂ ಬೇಡ, ಒಂದು ಜಾಡಿ ನೀರು, ಚಿಟಿಕೆ ಅಕ್ಕಿತೌಡು, ಇಷ್ಟೇ ಸಾಕು ಅಂದ ಸಿಂಗಾರಪ್ಪ. ಜನ ಕೊಂಡು ಹೋದರು. ವಾರ ಕಳೆಯುವುದರೊಳಗೆ ಮೀನು ಹೊಟ್ಟೆ ಮೇಲಾಗಿ ತೇಲಿತು. ಜಾಡಿ ಹಿಡಿದುಕೊಂಡು ಜಗಳಕ್ಕೆ ಬಂದರು.

ಸಿಂಗಾರಪ್ಪನಿಗೆ ಯೋಚನೆ ಹತ್ತಿತು. ದೊಡ್ಡ ತೊಟ್ಟಿ ಬೇಕು, ಒಂದೊಂದು ಮೀನಿಗೆ ಒಂದೊಂದು ಬಗೆಯ ನೀರು ಬೇಕು, ಆರೈಕೆ ಬೇಕು ಅಂತ ನಿಜ ಹೇಳಿದರೆ ಕೊಳ್ಳುವವರು ಯಾರು? ಹಾಗೆ ಯೋಚಿಸುತ್ತಾ ಕೂತಿದ್ದಾಗ ಎದುರು ಮನೆ ಬಾಗಿಲಿಗೆ ಕಟ್ಟಿದ್ದ ಬೂದುಗುಂಬಳಕಾಯಿ ಕೊಳೆತು ಬಿತ್ತು. ಮನೆಯಾಕೆ ಬೇಜಾರು ಮಾಡಿಕೊಂಡಳೇ? ಇಲ್ಲ. ಸದ್ಯ, ದೃಷ್ಟಿಯೆಲ್ಲ ಅದಕ್ಕೇ ತಗುಲಿತು ಅಂತ ಖುಷಿಯಾಗಿ ಇನ್ನೊಂದು ಕಾಯಿ ತರಿಸಿ ಕಟ್ಟಿದಳು. ಸಿಂಗಾರಪ್ಪ ನೋಡಿದ. ಅವನಿಗೆ ಅಷ್ಟು ಸಾಕಾಯಿತು.

ಮಾರನೆಯ ದಿನ ಸತ್ತ ಮೀನು ಹಿಡಿದು ಒಬ್ಬ ಜಗಳಕ್ಕೆ ಬಂದ. ಸಿಂಗಾರಪ್ಪ ಎದ್ದು ನಿಂತು ಕೈ ಮುಗಿದ.

"ನೀವು ಪುಣ್ಯವಂತರು. ನಿಮ್ಮ ಮನೆಗೆ ಏನೋ ಗಂಡಾಂತರ ಬಂದಿತ್ತು. ಮೀನು ಅದನ್ನ ತಾನು ನುಂಗ್ಕೊಂಡು ಹೋಯ್ತು. ಇದಿಲ್ಲದಿದ್ರೆ ಇವತ್ತು ನಿಮ್ಮ ಮನೇಲಿ ಏನಾಗಿರೋದೋ."

ಜಗಳಕ್ಕೆ ಬಂದವನು ಬೆವತು ಹೋದ. ಇನ್ನೊಂದು ಮೀನು ಕೊಂಡುಕೊಂಡು, ಸಿಂಗಾರಪ್ಪನಿಗೇ ಅಡ್ಡಬಿದ್ದು ಹೋದ.

ಆಮೇಲೆ ಕೇಳಬೇಕೇ? ಒಂದು ಸುಳ್ಳಿಗೆ ಕಾಲು ಬಂದರೆ ಅದರ ಮಕ್ಕಳೂ ಹಿಂದೆ ನಡೆಯುತ್ತವೆ. ಮೀನು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತದಲ್ಲ ಅಂದರೆ, ಅದು ಜಪ ಮಾಡುತ್ತಿದೆ ಅಂದ. ತಳ ಸೇರಿ ಅಲುಗಾಡದೆ ಬಿದ್ದಿದೆಯಲ್ಲ ಅಂದರೆ, ತಪಸ್ಸಿಗೆ ಕೂತಿದೆ ಅಂದ. ಮೈಮೇಲೆಲ್ಲ ಬಿಳಿ ಚುಕ್ಕೆ ಎದ್ದಿದೆಯಲ್ಲ ಅಂದರೆ, ವಿಭೂತಿ ಮೂಡಿದೆ, ಇಂಥ ಮೀನು ಸಿಗೋದೇ ಕಷ್ಟ ಅಂದ. ಉಸಿರು ಕಟ್ಟಿದ್ದು ಜಪವಾಯಿತು, ನಿತ್ರಾಣ ತಪಸ್ಸಾಯಿತು, ರೋಗ ವಿಭೂತಿಯಾಯಿತು. ಹೆಂಗಸರು ಜಾಡಿಗೆ ಕುಂಕುಮ ಇಟ್ಟರು. ಸಾಯುತ್ತಿರುವ ಜೀವದ ಮುಂದೆ ಊದುಬತ್ತಿ ಹಚ್ಚಿ ಕೈ ಮುಗಿದರು.

ದೊರೆಯೂ ಒಂದು ಮೀನು ತರಿಸಿದ. ಅದು ಸತ್ತ ದಿನವೇ ಯುದ್ಧಕ್ಕೆ ಬರುತ್ತಿದ್ದ ಪಕ್ಕದ ಸೀಮೆಯ ದಂಡು ಹೊಳೆ ತುಂಬಿದ್ದರಿಂದ ಹಿಂದಕ್ಕೆ ಹೋಯಿತು. ಹೊಳೆಗೆ ಯಾರೂ ಶಾಲು ಹೊದಿಸಲಿಲ್ಲ. ಸಿಂಗಾರಪ್ಪನಿಗೆ ಹೊದಿಸಿದರು.

ಅದೇ ಅರಮನೆಯಲ್ಲಿ ದೇವೀರಿ ಅಂತ ಒಬ್ಬಳು ಕೆಲಸದವಳಿದ್ದಳು. ಆಸ್ಥಾನದಲ್ಲಿ ಎಲೆಯಡಿಕೆ ತಟ್ಟೆ ಹಿಡಿಯುವುದು ಅವಳ ಕೆಲಸ. ಗಂಡ ತೀರಿಹೋಗಿದ್ದ. ಹೊನ್ನಿ ಅಂತ ಒಬ್ಬಳೇ ಮಗಳು. ಆ ಮಗುವೇ ಅವಳ ಪ್ರಾಣ.

ಹೊನ್ನಿಗೆ ಜ್ವರ ಬಂತು. ದೇವೀರಿ ಪಂಡಿತರನ್ನು ಕರೆಯಲು ಹೊರಟಳು. ದಾರಿಯಲ್ಲಿ ಸಿಂಗಾರಪ್ಪ ತಡೆದು ವಿಷಯ ಕೇಳಿದ. ಪಂಡಿತರ ಕಷಾಯ ಯಾಕೆ, ಈ ಕೆಂಪು ಮೀನು ಮಗುವಿನ ತಲೆದೆಸೆಗೆ ಇಡು ಅಂದ. ಇಟ್ಟಳು. ಮೀನು ಸತ್ತಿತು. ಜ್ವರವೂ ಅವತ್ತು ಸ್ವಲ್ಪ ಇಳಿಯಿತು. ಗಂಡಾಂತರ ಕಳೆಯಿತು ಅಂದುಕೊಂಡಳು ದೇವೀರಿ.

ಜ್ವರ ಮತ್ತೆ ಬಂತು, ಕೆಮ್ಮನ್ನೂ ಕರೆದುಕೊಂಡು ಬಂತು. ಪಂಡಿತರ ಮನೆಗೆ ಅಂತ ಮತ್ತೆ ಹೊರಟಳು. ಇದು ಎರಡನೇ ಗಂಡಾಂತರ ಅಂತ ಸಿಂಗಾರಪ್ಪ ನೀಲಿ ಮೀನು ಕೊಟ್ಟ. ಅದೂ ಸತ್ತಿತು. ಸದ್ಯ, ಇದೂ ಕಳೆಯಿತು ಅಂದುಕೊಂಡಳು.

ಜ್ವರ ಮೂರನೇ ಸಲ ಬಂದಾಗ ಹೊನ್ನಿಗೆ ಏದುಸಿರು. ದೇವೀರಿ ಪಂಡಿತರ ಬಾಗಿಲವರೆಗೂ ಹೋದಳು. ಹೋಗಿ, ತಿರುಗಿ ಬಂದಳು. ಎರಡು ಸಲ ಮಗಳನ್ನು ಉಳಿಸಿದ ಮೀನನ್ನು ಬಿಟ್ಟು ಈಗ ಕಷಾಯ ಕುಡಿಸಿದರೆ ದೇವರು ಮುನಿಯುತ್ತಾನೆ ಅನ್ನಿಸಿತು ಅವಳಿಗೆ. ಹೊಂಬಣ್ಣದ ಮೀನು ತಂದಳು.

ಹೊನ್ನಿ ಮಲಗಿದಲ್ಲಿಂದಲೇ ಆ ಮೀನನ್ನು ನೋಡುತ್ತಿದ್ದಳು. ಅದು ಮೇಲೆ ಬಂದು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

"ಅವ್ವಾ, ಇದು ಜಪ ಮಾಡ್ತಿಲ್ಲ ಕಣವ್ವ. ಉಸಿರು ಸಿಕ್ಕದೇ ಇದ್ದಾಗ ನಾನೂ ಹಿಂಗೇ ಬಾಯಿ ತೆಗೀತೀನಿ."

ಹಾಗೆಲ್ಲ ಅನ್ನಬಾರದು ತಪ್ಪು ಅಂತ ದೇವೀರಿ ಮಗಳ ಕೆನ್ನೆಗೆ ಮೆಲ್ಲಗೆ ತಟ್ಟಿದಳು. ಮಗುವಿನ ಪರವಾಗಿ ಜಾಡಿಗೆ ಕೈ ಮುಗಿದು ತಪ್ಪಾಯಿತು ಅಂತಲೂ ಕೇಳಿಕೊಂಡಳು.

ಬೆಳಗಾಗೆದ್ದು ನೋಡಿದರೆ ಮೀನು ಸತ್ತಿತ್ತು. ದೇವೀರಿಗೆ ಆದ ಸಂತೋಷ ಹೇಳತೀರದು. ಗಂಡಾಂತರ ಹೋಯ್ತು ಮಗಾ, ಏಳು ಅಂತ ಹೊನ್ನಿಯ ಕೈ ಹಿಡಿದಳು. ಆ ಕೈ ತಣ್ಣಗಿತ್ತು.

ಮಗಳನ್ನು ಮಣ್ಣು ಮಾಡಿ ಬಂದ ದೇವೀರಿ ಸಿಂಗಾರಪ್ಪನ ಅಂಗಡಿಗೆ ಹೋದಳು. ಜಗಳಕ್ಕಲ್ಲ, ಯಾಕೆ ಹೀಗಾಯಿತು ಅಂತ ಕೇಳುವುದಕ್ಕೆ. ಸಿಂಗಾರಪ್ಪ ನಿಟ್ಟುಸಿರು ಬಿಟ್ಟ.

"ಗಂಡಾಂತರ ದೊಡ್ಡದಿತ್ತು, ನೀನು ಚಿಕ್ಕ ಮೀನು ತಗೊಂಡು ಹೋದೆ. ಮಗಳಿಗಿಂತ ಕಾಸೇ ಹೆಚ್ಚಾಯ್ತೇನವ್ವ ನಿನಗೆ?"

ಕತ್ತಿಯಲ್ಲಿ ಕಡಿಯುವವನಿಗಾದರೂ ತೋಳು ನೋಯುತ್ತದೆ ಮಕ್ಕಳೇ. ಇವನಿಗೆ ನಾಲಿಗೆಯೂ ನೋಯಲಿಲ್ಲ. ದೇವೀರಿ ಆ ಮಾತನ್ನು ಮಡಿಲಿಗೆ ಹಾಕಿಕೊಂಡು ಮನೆಗೆ ಬಂದಳು. ನನ್ನ ಮಗಳನ್ನು ನಾನೇ ಕೊಂದೆ ಅಂದುಕೊಂಡು ಅನ್ನ ನೀರು ಬಿಟ್ಟಳು.

ಒಂದು ಬೆಳಿಗ್ಗೆ ಅರಮನೆಗೆ ಹೋಗುವಾಗ ಅವಳು ಸಿಂಗಾರಪ್ಪನ ಅಂಗಡಿಯ ಹಿತ್ತಲ ದಾರಿ ಹಿಡಿದಳು. ಅಂಗಡಿಯ ಮುಂದೆ ಹಾಯಲು ಅವಳಿಗೆ ಆಗುತ್ತಿರಲಿಲ್ಲ. ಹಿತ್ತಲಿನ ತಿಪ್ಪೆಯ ಮೇಲೆ ಕಾಗೆಗಳು ಮುಗಿಬಿದ್ದಿದ್ದವು. ಸಿಂಗಾರಪ್ಪ ಕುಕ್ಕೆಯ ತುಂಬ ಸತ್ತ ಮೀನು ತಂದು ತಿಪ್ಪೆಗೆ ಸುರಿದ. ಮೇಲಿನವು ಚಿಕ್ಕವು, ಅಡಿಯಲ್ಲಿ ದೊಡ್ಡವು. ಅವನ ಬಾಯಿ ತುಂಬ ಎಲೆಯಡಿಕೆ, ಕುತ್ತಿಗೆಯಲ್ಲಿ ಚಿನ್ನದ ಸರ. ಏನೋ ಗುನುಗುತ್ತಾ ಒಳಗೆ ಹೋದ.

ದೇವೀರಿ ಅಲ್ಲೇ ನಿಂತಳು. ಇಷ್ಟು ಮೀನು ಸತ್ತವಲ್ಲ, ಇವು ಯಾರ ಗಂಡಾಂತರ ನುಂಗಿದವು? ದಿನಾ ಬೆಳಗಾದರೆ ಒಂದು ಕುಕ್ಕೆ ಗಂಡಾಂತರ ಬರುವ ಮನೆ ಇದಾದರೆ, ಈ ಮನೆಯ ಹೆಂಚೂ ಉಳಿಯಬಾರದಿತ್ತು. ಅವಳಿಗೆ ಎಲ್ಲ ತಿಳಿಯಿತು. ತಿಪ್ಪೆಯ ಪಕ್ಕದಲ್ಲೇ ಕೂತು, ಮಗಳು ಸತ್ತ ದಿನ ಬಾರದಿದ್ದ ಅಳುವನ್ನು ಅತ್ತಳು.

ಅಷ್ಟರಲ್ಲಿ ಅರಮನೆಯಲ್ಲಿ ದೊರೆಯ ಒಬ್ಬನೇ ಮಗನಿಗೆ ಜ್ವರ ಬಂತು. ಅದೇ ಜ್ವರ, ಅದೇ ಕೆಮ್ಮು. ದೇವೀರಿ ರಾಣಿಯ ಕಾಲು ಹಿಡಿದು, ಮೀನು ಬೇಡ ತಾಯಿ, ಪಂಡಿತರನ್ನು ಕರೆಸಿ ಅಂತ ಬೇಡಿಕೊಂಡಳು. ನಿನ್ನ ಮನೆಯ ಸೂತಕದ ಮಾತನ್ನು ನನ್ನ ಮಗನ ಹತ್ತಿರ ತರಬೇಡ ಅಂತ ರಾಣಿ ಕಾಲು ಎಳೆದುಕೊಂಡಳು. ದೊರೆಯ ಹತ್ತಿರ ಹೋದಳು. ಸಿಂಗಾರಪ್ಪನಿಗಿಂತ ನೀನು ತಿಳಿದವಳೋ ಅಂದ ದೊರೆ. ಮಂತ್ರಿಯ ಹತ್ತಿರ ಹೋದಳು. ದೊರೆ ನಂಬಿದ್ದನ್ನು ನಾನು ನಂಬದಿದ್ದರೆ ನನ್ನ ಪೇಟ ಉಳಿಯುತ್ತದೋ ಅಂದ ಮಂತ್ರಿ. ಆಗ ದೇವೀರಿಗೆ ಗೊತ್ತಾಯಿತು, ಈ ನಿಜ ತನ್ನ ಬಾಯಿಂದ ಬಂದರೆ ಬೆಲೆಯಿಲ್ಲ, ಸುಳ್ಳು ಹೇಳಿದವನ ಬಾಯಿಂದಲೇ ಬರಬೇಕು.

ಮಾರನೆಯ ಬೆಳಿಗ್ಗೆ ಸಭೆ ಸೇರಿತು. ಸಿಂಗಾರಪ್ಪ ಶಾಲು ಹೊದ್ದು, ಯುವರಾಜನ ತಲೆದೆಸೆಗೆ ಇಡಲು ಮೊಳದುದ್ದದ ಮೀನು ಹೊರಿಸಿಕೊಂಡು ಬಂದ. ದೇವೀರಿ ಎಲೆಯಡಿಕೆ ತಟ್ಟೆಯಲ್ಲಿ ಒಂದು ಬಟ್ಟಲು ಹಾಲು ಇಟ್ಟುಕೊಂಡು ಮುಂದೆ ಬಂದಳು. ಸೊಂಟದಲ್ಲಿ ಒಂದು ಗಂಟಿತ್ತು.

"ಬುದ್ಧೀ, ಸಾವ್ಕಾರ್ರ ಮಾತು ಸುಳ್ಳಂತ ಊರಲ್ಲಿ ಕೆಲವರು ಆಡ್ಕೊಳ್ತಾರೆ. ಯುವರಾಜರ ಜೀವದ ಮಾತು, ಅನುಮಾನ ಇರಬಾರದು. ನಾನು ಸಾವ್ಕಾರ್ರ ಹೆಸರಲ್ಲೇ ಒಂದು ಮೀನು ಜಾಡಿಗೆ ಬಿಟ್ಟಿದ್ದೆ. ಇವತ್ತು ಸತ್ತಿದೆ. ಅಂದ್ಮೇಲೆ ಇವರಿಗಿದ್ದ ಗಂಡಾಂತರ ಕಳೆದುಹೋಯ್ತು. ಇದು ಕಣಗಿಲೆ ಬೇರು ತೇಯ್ದ ಹಾಲು. ಇವರು ಕುಡೀಲಿ. ಏನೂ ಆಗಲ್ಲ."

ಸಭೆ ತಿರುಗಿ ಸಿಂಗಾರಪ್ಪನನ್ನು ನೋಡಿತು. ಸಿಂಗಾರಪ್ಪ ನಕ್ಕ. ಮೀನು ಚಿಕ್ಕದು ತಾಯಿ, ವಿಷಕ್ಕೆಲ್ಲ ಚಿಕ್ಕ ಮೀನು ಸಾಲದು ಅಂದ. ದೇವೀರಿ ಗಂಟು ಬಿಚ್ಚಿ ದೊಡ್ಡ ಮೀನು ತೆಗೆದಳು. ಅದು ಅವನ ತಿಪ್ಪೆಯ ಮೀನು. ಸಿಂಗಾರಪ್ಪನ ನಗು ಅಲ್ಲಿಗೇ ನಿಂತಿತು. ಬೇರೆಯವರು ಸಾಕಿದ್ದು ಫಲಿಸುವುದಿಲ್ಲ, ಅವರವರ ಮನೆಯಲ್ಲೇ ಸಾಯಬೇಕು ಅಂದ. ಇದು ನಿಮ್ಮ ಸೂರಿನ ಕೆಳಗೇ ಸತ್ತದ್ದು, ನೀವೇ ಹಿತ್ತಲಿಗೆ ಸುರಿದದ್ದು ಅಂದಳು ದೇವೀರಿ. ಇವತ್ತು ನನಗೆ ಉಪವಾಸ, ಹಾಲು ಮುಟ್ಟುವ ಹಾಗಿಲ್ಲ ಅಂದ. ಎಲೆಯಡಿಕೆಯಿಂದ ಕೆಂಪಾದ ಅವನ ಬಾಯನ್ನು ಸಭೆಯೆಲ್ಲ ನೋಡಿತು.

ಹಿತ್ತಾಳೆ ಕಿವಿಯ ದೊರೆಗೂ ಕಣ್ಣು ಎರಡಿದ್ದವು. "ಕುಡಿ ಸಿಂಗಾರಪ್ಪ" ಅಂದ ದೊರೆ. "ನೀನು ಕುಡಿದ ಮೇಲೆಯೇ ಮೀನು ನನ್ನ ಮಗನ ಕೋಣೆಗೆ ಹೋಗುವುದು."

ದೇವೀರಿ ಬಟ್ಟಲನ್ನು ಅವನ ತುಟಿಯ ಹತ್ತಿರ ಹಿಡಿದಳು. ಸಿಂಗಾರಪ್ಪ ದಬಕ್ಕನೆ ದೊರೆಯ ಕಾಲಿಗೆ ಬಿದ್ದ.

"ಮೀನು ಏನನ್ನೂ ನುಂಗಲ್ಲ ಬುದ್ಧೀ. ಜಾಡಿ ಚಿಕ್ಕದು, ನೀರು ಸಾಲಲ್ಲ, ಉಸಿರು ಕಟ್ಟಿ ಸಾಯುತ್ತೆ. ಅಷ್ಟೇ. ನನಗೆ ಮೊದಲಿಂದ ಗೊತ್ತಿತ್ತು."

ದೊರೆ ಪಂಡಿತರನ್ನು ಕರೆತರಲು ಕುದುರೆ ಕಳಿಸಿದ. ಆಮೇಲೆ, ಆ ಹಾಲಿನಲ್ಲಿ ನಿಜವಾಗಿಯೂ ವಿಷವಿದೆಯೇನು ಅಂತ ದೇವೀರಿಯನ್ನು ಕೇಳಿದ.

"ವಿಷವೇ ಬುದ್ಧೀ. ಇಲ್ಲದ್ದನ್ನ ಇದೆ ಅನ್ನೋದಕ್ಕೆ ನಾನೇನು ಮೀನಂಗಡಿ ಇಟ್ಟಿದೀನಾ?" ಅಂದು ಅವಳು ಬಟ್ಟಲನ್ನು ಅಂಗಳದ ಬೂದಿಗುಂಡಿಗೆ ಚೆಲ್ಲಿ ಬಂದಳು.

ಪಂಡಿತರು ಬಂದರು, ಔಷಧಿ ಕೊಟ್ಟರು, ಯುವರಾಜ ಬದುಕಿದ. ಇನ್ನು ಸ್ವಲ್ಪ ತಡವಾಗಿದ್ದರೆ ಆಗುತ್ತಿರಲಿಲ್ಲ ಅಂದರು. ಸಿಂಗಾರಪ್ಪನ ಮೀನುಗಳನ್ನೆಲ್ಲ ಅರಮನೆಯ ದೊಡ್ಡ ಕಲ್ಲುಕೊಳಕ್ಕೆ ಬಿಟ್ಟರು. ಅವನಿಗೆ ಒಂದು ಶಿಕ್ಷೆ ಆಯಿತು. ಬದುಕಿರುವವರೆಗೂ ಸಂತೆಯ ಬಾಗಿಲಲ್ಲಿ ನಿಂತು, ತಾನು ಹೇಳಿದ ಸುಳ್ಳುಗಳನ್ನೆಲ್ಲ ಬಂದವರಿಗೆ ಒಂದೊಂದಾಗಿ ಹೇಳಬೇಕು. ಹೇಳಿದ. ಕೇಳಿದವರಲ್ಲಿ ಎಷ್ಟೋ ಜನಕ್ಕೆ ಅವನ ಮೇಲೆ ಸಿಟ್ಟು ಬರಲಿಲ್ಲ. ಇದ್ದ ಒಂದು ಧೈರ್ಯವನ್ನೂ ಕಿತ್ತುಕೊಂಡಳು ಅಂತ ದೇವೀರಿಯ ಮೇಲೆ ಬಂತು. ಶಾಲು ಹೊದಿಸಿದ ದೊರೆಗೆ ಯಾವ ಶಿಕ್ಷೆಯೂ ಆಗಲಿಲ್ಲ. ದೊರೆಗಳಿಗೆ ಆಗುವುದಿಲ್ಲ.

ರಾಣಿ ಮಾತ್ರ ಮಗನನ್ನು ಎತ್ತಿಕೊಂಡು ದೇವೀರಿಯ ಗುಡಿಸಿಲಿಗೇ ಬಂದಳು. ನನ್ನ ಮಗುವನ್ನು ಉಳಿಸಿಕೊಟ್ಟೆ, ಏನು ಬೇಕೋ ಕೇಳು ಅಂದಳು. ದೇವೀರಿ ಯುವರಾಜನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

"ಏನೂ ಬೇಡ ತಾಯಿ. ಅವತ್ತು ನಮ್ಮನೆಗೂ ಯಾರಾದ್ರೂ ಬಂದು ಒಂದು ಮಾತು ಹೇಳಿದ್ದಿದ್ರೆ ಸಾಕಿತ್ತು."



ಇದರ ನೀತಿ ಇಷ್ಟು ಮಕ್ಕಳೇ. ಒಂದು ಜೀವವನ್ನು ಮನೆಗೆ ತರುವ ಮೊದಲು ಅದು ಬದುಕಲು ಏನು ಬೇಕು ಅಂತ ಕೇಳಿ, ಅದೂ ಅದನ್ನು ಮಾರದವರನ್ನು ಕೇಳಿ. ಮಾರುವವನ ಬಾಯಲ್ಲಿ ಸಾವಿಗೂ ಒಂದು ಒಳ್ಳೆಯ ಹೆಸರಿರುತ್ತದೆ. ಯಾವ ಮೀನೂ ನಮ್ಮ ಸಾವನ್ನು ಸಾಯುವುದಿಲ್ಲ. ಅದು ಸಾಯುವುದು ತನ್ನ ಸಾವನ್ನೇ, ಅದೂ ನಮ್ಮ ಕೈಯಲ್ಲಿ.