ಟಕಟಕ ಕಾರು, ಮಲಗದ ಕೂಸು

ಒಂದೂರಲ್ಲಿ ಒಂದು ಕಾರಿತ್ತು. ಹಳೇ ಕಾರು. ಊರೂರು ಸುತ್ತಿ ಸುತ್ತಿ ಅದರ ಮೀಟರೇ ಸುಸ್ತಾಗಿ ನಿಂತುಬಿಟ್ಟಿತ್ತು. ಕಾರು ಮಾತ್ರ ನಿಂತಿರಲಿಲ್ಲ. ಗುರ್ರ್ ಗುರ್ರ್ ಅಂತ ಓಡುತ್ತಿತ್ತು.

ಅದೇ ಊರಲ್ಲಿ ಬೋರಮ್ಮಜ್ಜಿ ಇದ್ದಳು. ಅಜ್ಜಿಗೆ ಒಂದು ಮೊಮ್ಮಗು. ಎಲ್ಲರೂ ಅದನ್ನು ಕೂಸು ಅಂತಿದ್ದರು. ಕೂಸು ತೊಟ್ಟಿಲಲ್ಲಿ ಮಲಗದು. ಹೆಗಲ ಮೇಲೆ ಮಲಗದು. ಕಾರಿನ ಗುರ್ರ್ ಕೇಳಿದರೆ ಮಾತ್ರ ಮಲಗುತ್ತಿತ್ತು. ಮಹಾ ಹಟಮಾರಿ ಕೂಸು.

ಒಂದು ದಿನ ಆ ಗುರ್ರ್ ಕಳೆದುಹೋಯಿತು. ಕಾರು ಟಕಟಕ ಟಕಟಕ ಅಂತು. ಕೂಸು ವ್ಯಾ ಅಂತ ಅತ್ತಿತು. ಅಜ್ಜಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಕಾರಿನ ಹತ್ತಿರ ಹೋದಳು.

"ಕಾರೇ ಕಾರೇ, ಗುರ್ರ್ ಅನ್ನು. ಕೂಸು ಮಲಗಲ್ಲ."

"ಅನ್ನಲ್ಲ," ಅಂತು ಕಾರು. "ನನ್ನೊಳಗೆ ಪುಟಾಣಿ ಬಾಗಿಲುಗಳಿವೆ. ಅವೇ ವಾಲ್ವು. ಓಡಿ ಓಡಿ ಅವುಗಳ ಸಂದು ಅಗಲ ಆಗಿದೆ. ಅದಕ್ಕೇ ಟಕಟಕ. ಮೊದಲು ಸಂದು ಸರಿ ಮಾಡಿಸು."

ಅಜ್ಜಿ ಮೆಕ್ಯಾನಿಕ್ ಮಸ್ತಾನ್ ಸಾಬನ ಹತ್ತಿರ ಹೋದಳು.

"ಮಸ್ತಾನಣ್ಣ, ಸಂದು ಸರಿ ಮಾಡಪ್ಪ. ಕಾರು ಗುರ್ರ್ ಅನ್ನಲ್ಲ. ಕೂಸು ಮಲಗಲ್ಲ."

"ಮಾಡಲ್ಲ ಅಜ್ಜಿ. ಇಂಜಿನ್ ಕಾದು ಕೆಂಡ ಆಗಿದೆ. ಬಿಸಿಗೆ ಕಬ್ಬಿಣ ಉಬ್ಬುತ್ತೆ. ಆಗ ಅಳೆದ್ರೆ ಸಂದು ಸುಳ್ಳು ಹೇಳುತ್ತೆ. ಮೊದಲು ಇಂಜಿನ್ ತಣ್ಣಗಾಗಲಿ."

ಅಜ್ಜಿ ಇಂಜಿನ್ ಹತ್ತಿರ ಹೋದಳು.

"ಇಂಜಿನ್ನೇ ಇಂಜಿನ್ನೇ, ತಣ್ಣಗಾಗು. ಮಸ್ತಾನಣ್ಣ ಮುಟ್ಟಲ್ಲ. ಕಾರು ಗುರ್ರ್ ಅನ್ನಲ್ಲ. ಕೂಸು ಮಲಗಲ್ಲ."

"ಆಗಲ್ಲ," ಅಂತು ಇಂಜಿನ್. "ನಿನ್ನ ಮಗ ಬಿಟ್ರೆ ತಾನೆ? ಮೊದಲು ಅವನು ನನ್ನನ್ನು ಬಂದ್ ಮಾಡಲಿ."

ಅಜ್ಜಿಯ ಮಗ ಓಬಳೇಶ ಸ್ಟೀರಿಂಗ್ ಹಿಡಿದು ಕೂತಿದ್ದ.

"ಓಬಳೇಶ, ಬಂದ್ ಮಾಡೋ. ಇಂಜಿನ್ ತಣ್ಣಗಾಗಲ್ಲ. ಮಸ್ತಾನಣ್ಣ ಮುಟ್ಟಲ್ಲ. ಕಾರು ಗುರ್ರ್ ಅನ್ನಲ್ಲ. ಕೂಸು ಮಲಗಲ್ಲ."

"ಮಾಡಲ್ಲ ಕಣವ್ವ. ಬ್ಯಾಟರಿಗೆ ವಯಸ್ಸಾಗಿದೆ. ಬಂದ್ ಮಾಡಿದ್ರೆ ಆಮೇಲೆ ತಳ್ಳೇ ಸ್ಟಾರ್ಟ್ ಮಾಡಬೇಕು. ತಳ್ಳೋರು ಯಾರು? ಮೊದಲು ಪೈಲ್ವಾನನ್ನ ಕರ್ಕೊಂಡು ಬಾ."

ಪೈಲ್ವಾನ ಗಾದ್ರಪ್ಪ ಜಗಲಿ ಮೇಲೆ ಮೀಸೆ ತಿರುವುತ್ತಾ ಕೂತಿದ್ದ.

"ಗಾದ್ರಪ್ಪ, ಕಾರು ತಳ್ಳು ಬಾರಪ್ಪ. ಓಬಳೇಶ ಬಂದ್ ಮಾಡಲ್ಲ. ಇಂಜಿನ್ ತಣ್ಣಗಾಗಲ್ಲ. ಮಸ್ತಾನಣ್ಣ ಮುಟ್ಟಲ್ಲ. ಕಾರು ಗುರ್ರ್ ಅನ್ನಲ್ಲ. ಕೂಸು ಮಲಗಲ್ಲ."

"ತಳ್ಳಲ್ಲ ಅಜ್ಜಿ. ಬರೀ ಹೊಟ್ಟೇಲಿ ನಾನು ಕಡ್ಡಿನೂ ತಳ್ಳಲ್ಲ. ಮೊದಲು ಒಂದು ಚೊಂಬು ಹಾಲು ಕೊಡು."

ನೋಡಿ, ಅಷ್ಟು ದಪ್ಪ ಮೀಸೆ, ಅವನಿಗೂ ಹಾಲೇ ಬೇಕಂತೆ. ಅಜ್ಜಿ ಎಮ್ಮೆಯ ಹತ್ತಿರ ಹೋದಳು.

"ಎಮ್ಮೆ ಎಮ್ಮೆ, ಹಾಲು ಕೊಡೇ. ಪೈಲ್ವಾನ ತಳ್ಳಲ್ಲ. ಓಬಳೇಶ ಬಂದ್ ಮಾಡಲ್ಲ. ಇಂಜಿನ್ ತಣ್ಣಗಾಗಲ್ಲ. ಮಸ್ತಾನಣ್ಣ ಮುಟ್ಟಲ್ಲ. ಕಾರು ಗುರ್ರ್ ಅನ್ನಲ್ಲ. ಕೂಸು ಮಲಗಲ್ಲ."

"ಕೊಡಲ್ಲ," ಅಂತು ಎಮ್ಮೆ. "ಒಣಹುಲ್ಲು ತಿಂದು ತಿಂದು ಬಾಯಿ ಕೆಟ್ಟಿದೆ. ಮೊದಲು ಹಸಿರು ಕಬ್ಬಿನ ಸೋಗೆ ತಾ."

ಅಜ್ಜಿಯ ಕಾಲು ಸೋತಿತ್ತು. ಅತ್ತು ಅತ್ತು ಕೂಸಿನ ಗಂಟಲು ಕಟ್ಟಿತ್ತು. ಆದರೂ ಅಜ್ಜಿ ಕಬ್ಬಿನ ಹಾಲು ಮಾರುವ ದುರುಗಮ್ಮನ ಹತ್ತಿರ ಹೋದಳು.

"ದುರುಗಮ್ಮ, ಒಂದಿಷ್ಟು ಸೋಗೆ ಕೊಡವ್ವ. ಎಮ್ಮೆ ಹಾಲು ಕೊಡಲ್ಲ. ಪೈಲ್ವಾನ ತಳ್ಳಲ್ಲ. ಓಬಳೇಶ ಬಂದ್ ಮಾಡಲ್ಲ. ಇಂಜಿನ್ ತಣ್ಣಗಾಗಲ್ಲ. ಮಸ್ತಾನಣ್ಣ ಮುಟ್ಟಲ್ಲ. ಕಾರು ಗುರ್ರ್ ಅನ್ನಲ್ಲ. ಕೂಸು ಮಲಗಲ್ಲ."

ಇವಳೂ ಇಲ್ಲ ಅಂತಾಳೆ ಅಂತ ಅಜ್ಜಿ ವಾಪಸ್ ತಿರುಗಿಯೇಬಿಟ್ಟಿದ್ದಳು.

"ತಗೊಂಡು ಹೋಗಜ್ಜಿ," ಅಂದಳು ದುರುಗಮ್ಮ.

"ನಿನಗೆ ಮೊದಲು ಏನು ಬೇಕವ್ವ?"

"ನನಗೇನೂ ಬೇಡ. ಪಾಪ, ಕೂಸು ಮಲಗಲಿ."

ಅಜ್ಜಿ ಸೋಗೆ ಹೊತ್ತು ಓಡಿದಳು. ಕಾಲು ಸೋತಿದ್ದು ಮರೆತೇಹೋಯಿತು.

ಎಮ್ಮೆ ಸೋಗೆ ತಿಂತು, ಹಾಲು ಕೊಡ್ತು. ಪೈಲ್ವಾನ ಹಾಲು ಕುಡಿದ, ಮೀಸೆ ಒರೆಸಿದ, ಕಾರಿನ ಹಿಂದೆ ಬಂದು ನಿಂತ. ಅವನನ್ನು ನೋಡಿ ಓಬಳೇಶ ಬಂದ್ ಮಾಡಿದ. ಇಂಜಿನ್ ತಣ್ಣಗಾಯಿತು. ಏನು, ತಕ್ಷಣ ಆಯಿತಾ? ಇಲ್ಲಪ್ಪ. ಎಲ್ಲರೂ ಬೇವಿನ ನೆರಳಲ್ಲಿ ಕೂತು ಕಾದರು. ಎಮ್ಮೆಯೂ ಕಾಯಿತು.

ಆಮೇಲೆ ಮಸ್ತಾನ್ ಸಾಬ ಮುಚ್ಚಳ ಬಿಚ್ಚಿದ. ತೆಳ್ಳನೆ ತಗಡಿನ ಪಟ್ಟಿಯನ್ನು ಸಂದಿಗೆ ತೂರಿಸಿದ. ಸಡಿಲ. ಸ್ಕ್ರೂ ತಿರುಗಿಸಿದ. ಬಿಗಿ. ಒಂದೇ ಒಂದು ಚೂರು ಹಿಂದಕ್ಕೆ ತಿರುಗಿಸಿದ. ಪಟ್ಟಿ ಸಡಿಲವೂ ಇಲ್ಲ, ಬಿಗಿಯೂ ಇಲ್ಲ, ಮೆಲ್ಲಗೆ ಜಾರಿತು.

"ಹಾಂ, ಇದು ಸರಿ," ಅಂದ. ಮುಂದಿನ ವಾಲ್ವು ನೋಡಿದ. ಅದರ ಮುಂದಿನದು ನೋಡಿದ. ಎಲ್ಲಾ ನೋಡಿ ಮುಚ್ಚಳ ಹಾಕಿದ.

ಪೈಲ್ವಾನ ತಳ್ಳಿದ. ಕಾರು ಗುರ್ರ್ ಅಂತು. ಗುರ್ರ್ ಗುರ್ರ್ ಅಂತು.

ಕೂಸು ಒಂದು ಸಲ ಬಿಕ್ಕಿತು. ಒಂದು ಸಲ ಆಕಳಿಸಿತು. ಅಜ್ಜಿಯ ತೊಡೆ ಮೇಲೆ ಮಲಗಿಬಿಟ್ಟಿತು.

ಅಜ್ಜಿಗೆ ಎಷ್ಟು ಖುಷಿ ಆಯಿತು ಅಂದರೆ ಅಳುವೇ ಬಂತು. ಆದರೂ ಅಳಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತಳು.

ನೀವೂ ಮೆತ್ತಗೆ ಮಾತಾಡಿ. ಕೂಸು ಎದ್ದರೆ ನಾನು ಕತೆ ಮೊದಲಿಂದ ಹೇಳಬೇಕಾಗುತ್ತೆ.