ನಾಲ್ಕು ಸಾಲಿನ ತಿದ್ದುಪಡಿ

ಹೊಳೆದಂಡೆಯ ಆಶ್ರಮದಲ್ಲಿ ಕಂಪ್ಯೂಟರ್ ಯಾಕೆ ಎಂದು ಕೇಳಬೇಡಿ. ಗುರು ನಿರ್ವಾಣಯ್ಯನವರ ಕಣ್ಣು ಮಂಜಾಗಿತ್ತು, ಪುಸ್ತಕದ ಹುಚ್ಚು ಮಾತ್ರ ಹಾಗೇ ಇತ್ತು.

ಶಿಷ್ಯ ಕೊಟ್ರೇಶ ಹುಡುಕಾಡಿ, ಕನ್ನಡ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಪ್ರೋಗ್ರಾಂ ಕಂಡುಹಿಡಿದ. ಅದನ್ನು ಬರೆದವರು ದೂರದೂರಿನ ಫಿಲೋಮಿನಾ ಟೀಚರ್. ಕಣ್ಣು ಕಾಣದ ತಮ್ಮ ವಿದ್ಯಾರ್ಥಿನಿಯರಿಗಾಗಿ ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಮೂಲ ಕೋಡನ್ನೂ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದರು.

ಕೊಟ್ರೇಶ ಆ ಕೋಡನ್ನು ಆಶ್ರಮದ ಲಿನಕ್ಸ್ ಕಂಪ್ಯೂಟರಿನಲ್ಲಿ ತಾನೇ ಕಂಪೈಲ್ ಮಾಡಿ, ಓಡುವ ಪ್ರೋಗ್ರಾಂ ಮಾಡಿಕೊಂಡ. ಓದಿತು. ಆದರೆ ಬರಹ ಉದ್ದವಾದರೆ ನಡುವೆಯೇ ದನಿ ನಿಂತುಹೋಗುತ್ತಿತ್ತು. ಮತ್ತೆ ಚಾಲೂ ಮಾಡಿದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ನನಗಿಂತ ಮೊದಲು ಇದಕ್ಕೇ ನಿದ್ದೆ ಬರುತ್ತದಲ್ಲ ಎಂದು ಗುರುಗಳು ನಕ್ಕರು.

ಮೂರು ದಿನ ಊಟತಿಂಡಿಯ ಪರಿವೆಯಿಲ್ಲದೆ ಕೂತು ಅವನು ದೋಷ ಹಿಡಿದ. ನಾಲ್ಕು ಸಾಲು ತಿದ್ದಿ, ಮತ್ತೆ ಕಂಪೈಲ್ ಮಾಡಿ, ತನ್ನದೇ ಪ್ಯಾಕೇಜ್ ಕಟ್ಟಿ ಆಶ್ರಮದ ಕಂಪ್ಯೂಟರಿಗೆ ಹಾಕಿಕೊಂಡ. ಆಮೇಲೆ ದನಿ ನಿಲ್ಲಲಿಲ್ಲ.

ಟೀಚರಿಗೆ ತಿಳಿಸಬೇಕು ಎಂದುಕೊಂಡ. ನಾಳೆ ಬರೆದರಾಯಿತು ಎಂದೂ ಅಂದುಕೊಂಡ.

ಎರಡು ವರ್ಷ ಕಳೆಯಿತು.

ಹೊಸ ಆವೃತ್ತಿ ಬಂದಿದೆಯೇ ಎಂದು ನೋಡಹೋದವನಿಗೆ ಟೀಚರ್ ಬರೆದಿಟ್ಟ ಟಿಪ್ಪಣಿ ಸಿಕ್ಕಿತು. ದನಿ ಯಾಕೆ ನಿಲ್ಲುತ್ತದೆ ಎಂದು ಎರಡು ವರ್ಷ ಹುಡುಕಿದೆ, ನನ್ನ ಕೈಲಾಗಲಿಲ್ಲ, ಈ ಕೆಲಸ ಇಲ್ಲಿಗೆ ಬಿಡುತ್ತಿದ್ದೇನೆ, ಕ್ಷಮಿಸಿ ಎಂದಿತ್ತು.

ಕೊಟ್ರೇಶ ಆಗಲೇ ಕೂತು ತನ್ನ ನಾಲ್ಕು ಸಾಲನ್ನು ಅವರಿಗೆ ಕಳಿಸಿದ. ಮರುದಿನ ಉತ್ತರ ಬಂತು. ಅದನ್ನು ಗುರುಗಳಿಗೆ ಓದಿ ಹೇಳಿದ.

"ಹಾಕಿ ನೋಡಿದೆ, ಸರಿಹೋಯಿತು. ನಿಮಗೆ ಒಳ್ಳೆಯದಾಗಲಿ. ಆರು ಹುಡುಗಿಯರು ಇದನ್ನೇ ನಂಬಿಕೊಂಡು ಎಸ್ಸೆಸ್ಸೆಲ್ಸಿಗೆ ಓದಿದ್ದರು. ನಾಲ್ವರು ಫೇಲಾಗಿ ಊರಿಗೆ ಹೋದರು. ಮತ್ತೆ ಬರಲಿಲ್ಲ."



"ತಪ್ಪಾಯ್ತು ಗುರುಗಳೇ," ಎಂದ ಕೊಟ್ರೇಶ. "ಇದಕ್ಕೇನು ಪ್ರಾಯಶ್ಚಿತ್ತ?"

"ಎರಡು ವರ್ಷ ನಾನೂ ಹಾಯಾಗಿ ಕೇಳಿಸಿಕೊಂಡೆನಲ್ಲೋ. ಆ ತಾಯಿಗೆ ತಿಳಿಸಿದೆಯಾ ಅಂತ ನಿನ್ನನ್ನ ಒಂದು ಮಾತು ಕೇಳಲಿಲ್ಲ."

ಆಮೇಲೆ ಆ ನಾಲ್ಕು ಸಾಲು ತೆಗೆದುಹಾಕಿ ಇನ್ನೊಮ್ಮೆ ಪ್ಯಾಕೇಜ್ ಕಟ್ಟು ಎಂದರು. ಅವನಿಗೆ ಅರ್ಥವಾಗಲಿಲ್ಲ, ಆದರೂ ಕಟ್ಟಿದ.

ಇಬ್ಬರೂ ಕೇಳುತ್ತ ಕೂತರು. ಪ್ರೋಗ್ರಾಂ ಚೆನ್ನಾಗಿಯೇ ಓದುತ್ತ ಹೋಗಿ, ಒಂದು ವಾಕ್ಯದ ನಡುವೆ ನಿಂತಿತು. ಕೊಟ್ರೇಶ ಅದನ್ನು ಮುಚ್ಚಲು ಕೈ ಚಾಚಿದ. ಗುರುಗಳು ತಡವಿ ಆ ಕೈ ಹಿಡಿದುಕೊಂಡರು.

"ಇರು. ಆ ಮಕ್ಕಳು ಕಾಯುತ್ತ ಕೂತಿದ್ದು ಇಲ್ಲೇ."