ಆನೆಮರಿ ಕಾಯುವ ಪಾಳಿ

“ಅಜ್ಜಾರ, ನಾಳೆ ಕೂಸಿನ್ನ ಕರಕೊಂಡು ಹೋಗೂ ಮುಂದ ನಾ ಅಲ್ಲೇ ಇರಬೇಕೋ, ಇಲ್ಲಾ ಎಲ್ಲೆರೆ ಹೊರಗ ಹೋಗಿಬಿಡಬೇಕೋ?”

ನೀಲವ್ವ ಹೀಗೆ ಕೇಳಿದಾಗ ಮಠದ ಸ್ವಾಮಿಗಳಾದ ಅಜ್ಜಾರು ಊಟ ಮುಗಿಸಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಮಠದ ಹಿಂದೆ ತಂದೆತಾಯಿ ಇಲ್ಲದ ಮಕ್ಕಳ ಮನೆಯೊಂದಿತ್ತು. ನೀಲವ್ವ ಅಜ್ಜಾರ ಶಿಷ್ಯೆ, ಆ ಮನೆಯ ಕೂಸುಗಳನ್ನು ನೋಡಿಕೊಳ್ಳುವವಳು. ಅವಳ ಕೈಯಲ್ಲಿ ಬೆಳೆದ ಒಂದು ಹೆಣ್ಣು ಕೂಸನ್ನು ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಗಂಡ ಹೆಂಡತಿ ದತ್ತು ತೆಗೆದುಕೊಂಡು ಹೋಗುವವರಿದ್ದರು. ಒಳ್ಳೆಯ ಜನ. ಕೂಸು ಅವರ ಜೊತೆ ಒಂದೆರಡು ಸಲ ಆಡಿಯೂ ಇತ್ತು. ಅದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ನೀಲವ್ವನಿಗೂ ಇರಲಿಲ್ಲ. ಆದರೆ ಕೂಸು ಅವಳ ಸೆರಗು ಬಿಡುತ್ತಿರಲಿಲ್ಲ.

ಅಜ್ಜಾರು ಇರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಒಂದು ಕತೆ ಹೇಳುತ್ತೇನೆ ಕೂಡು ಅಂದರು.

“ಈ ಸಲ ಒಂದಕ್ಷರ ಸುಳ್ಳಿಲ್ಲ ಯವ್ವಾ. ಗದ್ದಿಗಿ ಮ್ಯಾಲೆ ಕೈಯಿಟ್ಟು ಹೇಳತೀನಿ.”

ಗದ್ದಿಗೆ ಒಳಗಿತ್ತು. ಅಜ್ಜಾರ ಕೈ ಶೇಂಗಾಬುಟ್ಟಿಯ ಮೇಲಿತ್ತು. ಹೋದ ಸೋಮವಾರವೂ ಇದೇ ರೀತಿ ಆಣೆ ಮಾಡಿ, ತುಂಗಭದ್ರೆಯ ಮೊಸಳೆಯೊಂದು ಪ್ರಸಾದಕ್ಕೆ ಬಂದು ಉಂಡ ಮೇಲೆ ತನ್ನ ತಾಟು ತಾನೇ ತೊಳೆದಿಟ್ಟು ಹೋದ ಕತೆ ಹೇಳಿದ್ದರು. ನೀಲವ್ವ ಅದನ್ನು ನೆನಪಿಸಲಿಲ್ಲ. ತಾನೂ ಒಂದು ಮುಷ್ಟಿ ಶೇಂಗಾ ತೆಗೆದುಕೊಂಡು ಸುಲಿಯುತ್ತ ಕೂತಳು.

ಆಫ್ರಿಕಾ ಖಂಡದಲ್ಲಿ ಒಬ್ಬ ಡಾಕ್ಟರ್ ಇದ್ದನಂತೆ. ಕಾಡುಪ್ರಾಣಿಗಳ ಡಾಕ್ಟರ್. ಅವನಿಗೆ ದವಾಖಾನೆ ಅಂತ ಕಟ್ಟಡ ಇರಲಿಲ್ಲ. ಜೀಪೇ ದವಾಖಾನೆ. ಔಷಧ, ಹಗ್ಗ, ನೀರಿನ ಡ್ರಮ್ಮು, ಮೂರ್ನಾಲ್ಕು ಮಂದಿ ಆಳು, ಎಲ್ಲ ಅದರೊಳಗೇ. ಯಾವ ಕಾಡಿನಲ್ಲಿ ಯಾವ ಪ್ರಾಣಿಗೆ ಪೆಟ್ಟಾಗಿದೆ ಅಂತ ವೈರ್‌ಲೆಸ್ಸಿನಲ್ಲಿ ಸುದ್ದಿ ಬಂದರೆ ಅತ್ತ ಓಡುವುದು. ನಮ್ಮಲ್ಲಿ ರೋಗಿ ಹೋಗಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕಾಯಬೇಕು. ಅಲ್ಲಿ ಸಿಂಹ ಮಲಗಿದ ಜಾಗಕ್ಕೇ ದವಾಖಾನೆ ಬಂದು ನಿಲ್ಲುತ್ತದೆ.

ಡಾಕ್ಟರನ ಗುರಿ ಭಾರಿ ಗುರಿ. ಬಂದೂಕಿನಲ್ಲಿ ನಿದ್ದೆಮದ್ದಿನ ಸೂಜಿ ಹಾಕಿ ಹೊಡೆದರೆ, ಓಡುವ ಜಿರಾಫೆಯ ಬೆನ್ನ ಮೇಲೆ ಕೂತ ನೊಣಕ್ಕೆ ಮೊದಲು ನಿದ್ದೆ ಬರುತ್ತಿತ್ತು, ಆಮೇಲೆ ಜಿರಾಫೆಗೆ. ಹೊಳೆ ಅಡ್ಡ ಬಂದರೆ ನೀರಾನೆಗಳು ಸಾಲಾಗಿ ನಿಂತು ಬೆನ್ನು ಕೊಡುತ್ತಿದ್ದವು. ಜೀಪು ಅವುಗಳ ಮೇಲೆ ಹಾದು ಆಚೆ ದಡ ಸೇರುತ್ತಿತ್ತು. ಅವುಗಳ ಹಲ್ಲುನೋವು ವಾಸಿ ಮಾಡಿದವನು ಅವನೇ ಅಲ್ಲವೇ, ಉಪಕಾರ ಮರೆಯುತ್ತವೆಯೇ?

ನೀಲವ್ವ ಶೇಂಗಾ ಸುಲಿಯುತ್ತಲೇ ಇದ್ದಳು.

ಆ ಜೀಪಿನಲ್ಲಿ ಕಿಯೋಕೊ ಅಂತ ಒಬ್ಬ ಆಳಿದ್ದ. ಒಂದು ದಿನ ಸುದ್ದಿ ಬಂತು, ತಾಯಿ ಆನೆಯೊಂದು ಬೇಟೆಗಾರರ ತಂತಿ ಉರುಲಿಗೆ ಕಾಲು ಕೊಟ್ಟಿದೆ, ತಂತಿ ಮಾಂಸದೊಳಗೆ ಇಳಿದುಬಿಟ್ಟಿದೆ ಅಂತ. ಎಲ್ಲರೂ ಓಡಿದರು. ಡಾಕ್ಟರ್ ಸೂಜಿ ಹೊಡೆದ. ಆನೆ ಉರುಳಿತು. ಕಿಯೋಕೊ ಒಂದು ಸಣ್ಣ ಕಡ್ಡಿ ಮುರಿದು ಸೊಂಡಿಲ ತುದಿಯಲ್ಲಿ ನಿಲ್ಲಿಸಿದ. ಅದು ಮುಚ್ಚಿಕೊಂಡರೆ ಆನೆಗೆ ಉಸಿರಿಲ್ಲ. ಅದರ ಕಿವಿಯನ್ನೇ ಎಳೆದು ಕಣ್ಣಿಗೆ ಹೊದಿಸಿದ, ಬಿಸಿಲು ಬೀಳಬಾರದು ಅಂತ. ಡಾಕ್ಟರ್ ತಂತಿ ಕತ್ತರಿಸಿ ತೆಗೆದ, ಕೀವು ತೊಳೆದ, ಔಷಧ ತುಂಬಿದ. ಆದರೆ ನಂಜು ಆಗಲೇ ಮೈಗೆಲ್ಲ ಏರಿತ್ತು. ಆನೆ ಮತ್ತೆ ಏಳಲಿಲ್ಲ.

ಪಕ್ಕದಲ್ಲೇ ಅದರ ಮರಿ. ಹೆಣ್ಣು ಮರಿ. ತಾಯಿಯನ್ನು ಹಣೆಯಿಂದ ದೂಡುತ್ತಿತ್ತು, ಏಳು ಏಳು ಅನ್ನುವ ಹಾಗೆ. ಕಿಯೋಕೊ ತನ್ನ ಕೋಟು ಬಿಚ್ಚಿ ಅದರ ಮುಖಕ್ಕೆ ಹಾಕಿ ತಬ್ಬಿಕೊಂಡು ಜೀಪು ಹತ್ತಿಸಿದ. ದಾರಿಯುದ್ದಕ್ಕೂ ತಬ್ಬಿಕೊಂಡೇ ಇದ್ದ. ಆ ಮರಿಗೆ ಅವರು ಇಟ್ಟ ಹೆಸರು ತಮ್ಮ ಹಲ್ಲಿನ ಸೆಟ್ಟಿಗೆ ಒಗ್ಗುವುದಿಲ್ಲ, ಅದಕ್ಕೆ ಗೌರವ್ವ ಅನ್ನೋಣ ಅಂದರು ಅಜ್ಜಾರು.

“ಆಫ್ರಿಕಾದಾಗ ಗೌರವ್ವ ಇರತಾರೇನ್ರಿ?”

“ಗೌರವ್ವ ಏನು, ಬಸವ್ವನೂ ಅದಾಳ. ಆದ್ರ ಆಕಿ ಖಡ್ಗಮೃಗ.”

ತಬ್ಬಲಿ ಆನೆಮರಿಗಳನ್ನು ಸಾಕುವ ಕ್ಯಾಂಪು ಒಂದಿತ್ತು. ಗೌರವ್ವನನ್ನು ಅಲ್ಲಿಗೆ ಬಿಟ್ಟರು. ಕಿಯೋಕೊ ಡಾಕ್ಟರಿಗೆ ಗಂಟುಬಿದ್ದು ಜೀಪಿನ ಕೆಲಸ ಬಿಟ್ಟು ಕ್ಯಾಂಪಿನಲ್ಲೇ ಮರಿ ಕಾಯುವ ಕೆಲಸಕ್ಕೆ ಸೇರಿಕೊಂಡ.

ಮರಿ ಮೊದಮೊದಲು ಬಾಟಲಿ ಹಾಲು ಮುಟ್ಟಲಿಲ್ಲ. ಆಗ ಒಂದು ಹಗ್ಗ ಕಟ್ಟಿ, ಹಗ್ಗಕ್ಕೆ ಕಂಬಳಿ ಇಳಿಬಿಟ್ಟು, ಕಂಬಳಿಯ ಸಂದಿಯಿಂದ ಬಾಟಲಿ ತೋರಿಸಿದರು. ಮರಿ ಸೊಂಡಿಲನ್ನು ಕಂಬಳಿಗೆ ಆನಿಸಿತು. ತಾಯಿಯ ಹೊಟ್ಟೆ ಅಂತ ತಿಳಿದು ಗಟಗಟ ಕುಡಿಯಿತು.

ಆನೆಗೆ ಕಂಬಳಿ ತಾಯಿಯಾಗುತ್ತದೆಯೇ ಅಂತ ನೀಲವ್ವ ನಕ್ಕಳು. ಅಜ್ಜಾರಿಗೆ ಸಿಟ್ಟು ಬಂತು. ನೀರಾನೆ ಸೇತುವೆಯಾದದ್ದನ್ನು ನಂಬಿದವಳು ಕಂಬಳಿಗೆ ಯಾಕೆ ತಕರಾರು ತೆಗೆಯುತ್ತೀ, ಈ ಕತೆಯಲ್ಲಿ ಎಲ್ಲಕ್ಕಿಂತ ಖರೆ ಅಂದರೆ ಅದೇ ಅಂದರು.

ಆ ಕ್ಯಾಂಪಿನಲ್ಲಿ ಒಂದು ಕಟ್ಟಳೆ ಇತ್ತು. ಮರಿಗಳು ಒಂಟಿಯಾಗಿ ಮಲಗುವುದಿಲ್ಲ, ಕೊಟ್ಟಿಗೆಯಲ್ಲಿ ಜೊತೆಗೆ ಒಬ್ಬ ಮನುಷ್ಯ ಮಲಗಬೇಕು. ಆದರೆ ಇವತ್ತು ಮಲಗಿದವನು ನಾಳೆ ಅದೇ ಮರಿಯ ಬಳಿ ಮಲಗುವ ಹಾಗಿಲ್ಲ. ಪಾಳಿ ಬದಲಾಗಬೇಕು. ಎಲ್ಲರಿಗೂ ಒಂದೇ ಬಣ್ಣದ ಕೋಟು. ಮರಿಗೆ ಹತ್ತು ಮಂದಿ ಬೇಕು, ಒಬ್ಬನೇ ಇರಬಾರದು.

ಕಿಯೋಕೊಗೆ ಈ ಕಟ್ಟಳೆ ಗಂಟಲಲ್ಲಿ ಇಳಿಯಲಿಲ್ಲ. ಇದು ಪ್ರೀತಿ ಕಡಿಮೆ ಇದ್ದವರಿಗೆ ಮಾಡಿದ ಕಟ್ಟಳೆ, ನನ್ನಂಥವನಿಗಲ್ಲ ಅಂದುಕೊಂಡ. ಪಾಳಿ ಬಂದ ಗೆಳೆಯನ ಬಳಿಗೆ ಹೋಗಿ, ನಿನ್ನ ಪಾಲಿನ ಬಾಟಲಿ ನಾನು ತೊಳೆಯುತ್ತೇನೆ, ಈ ರಾತ್ರಿ ನನಗೆ ಬಿಡು ಅನ್ನುವನು. ಮತ್ತೊಬ್ಬನಿಗೆ ಸೊಪ್ಪು ಕಡಿದು ಕೊಡುವನು. ಇನ್ನೊಬ್ಬನಿಗೆ ತನ್ನ ಚಹಾ ಕೊಡುವನು. ಕೂತಲ್ಲಿ ಚಹಾ ಸಿಕ್ಕರೆ ಬೇಡ ಅನ್ನುವವರು ಯಾರು? ದಿನಾ ಗೌರವ್ವನ ಪಕ್ಕ ಅವನೇ ಮಲಗತೊಡಗಿದ.

ಗೌರವ್ವ ಅವನ ಮುಖದ ಮೇಲೆ ಸೊಂಡಿಲಿಟ್ಟೇ ನಿದ್ದೆ ಮಾಡಬೇಕು. ಅವನು ಎದ್ದರೆ ಅವಳೂ ಏಳುವಳು. ಅವನು ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗುವಳು. ಒಂದು ಸಲ ಬಾಗಿಲೇ ಮುರಿದುಕೊಂಡು ಒಳಗೆ ಬಂದು ಅವನ ಬೆನ್ನು ತಿಕ್ಕಿದಳಂತೆ, ಸೋಪು ಹಚ್ಚಿ. ಕಿಯೋಕೊ ಕಂಡಕಂಡವರ ಮುಂದೆ ದೂರು ಹೇಳುವನು. ಬಾಯಲ್ಲಿ ದೂರು, ಕಣ್ಣಲ್ಲಿ ಹಬ್ಬ. ಒಂದು ಗಳಿಗೆ ಬಿಡುವುದಿಲ್ಲ ನೋಡ್ರಿ, ನಾನಿಲ್ಲದಿದ್ದರೆ ಇವಳ ಗತಿಯೇನು ಅನ್ನುವನು.

ನೀಲವ್ವನ ಕೈ ನಿಂತಿತು. ಅವತ್ತು ಬೆಳಿಗ್ಗೆ ಅಡುಗೆಯವಳ ಮುಂದೆ ಅವಳೂ ಇದೇ ಮಾತು ಆಡಿದ್ದಳು. ಅಜ್ಜಾರು ಅವಳ ಕಡೆ ನೋಡಲಿಲ್ಲ. ಒಂದು ಶೇಂಗಾ ಜೊಳ್ಳು ಬಂದದ್ದಕ್ಕೆ ಬೈಯುತ್ತ ಮುಂದುವರಿದರು.

ಹೀಗಿರುವಾಗ ಊರಿನಿಂದ ಸುದ್ದಿ ಬಂತು. ಕಿಯೋಕೊನ ಹೆಂಡತಿ ಹಡೆದಿದ್ದಳು. ಹೋಗದೆ ಇರಲಾಗುತ್ತದೆಯೇ? ಅವನು ರಜೆ ಹಾಕಿ ಬಸ್ಸು ಹತ್ತಿದ.

ಗೌರವ್ವ ಆ ಹೊತ್ತಿನಿಂದ ಹಾಲು ಬಿಟ್ಟಳು. ಗೆಳೆಯರು ಕಂಬಳಿ ಕಟ್ಟಿದರು, ಕಂಬಳಿಯನ್ನು ಕಿತ್ತು ಒಗೆದಳು. ಕಿಯೋಕೊನ ಹಳೆಯ ಕೋಟು ಹಾಕಿಕೊಂಡು ಒಬ್ಬ ಬಾಟಲಿ ಹಿಡಿದ. ಅವಳು ಕೋಟು ಮೂಸಿದಳು, ಅದರ ಮೇಲಿನ ಮುಖ ಮೂಸಿದಳು, ತಿರುಗಿ ಗೋಡೆಗೆ ಹಣೆ ಹಚ್ಚಿ ನಿಂತಳು. ಆಮೇಲೆ ನಿಲ್ಲಲೂ ಆಗಲಿಲ್ಲ.

ಡಾಕ್ಟರಿಗೆ ವೈರ್‌ಲೆಸ್ ಹೋಯಿತು. ಅವನು ದೂರದಲ್ಲೆಲ್ಲೋ ಜಿರಾಫೆಯ ಕಾಲಿನಿಂದ ತಂತಿ ತೆಗೆಯುತ್ತಿದ್ದ. ಆ ಕೆಲಸ ಮುಗಿಸಿ ಜೀಪು ಬಿಟ್ಟುಕೊಂಡು ಬಂದ. ಮರಿಯ ಕಣ್ಣು ನೋಡಿದ, ನಾಲಗೆ ನೋಡಿದ, ಹೊಟ್ಟೆ ಮುಟ್ಟಿದ, ಕಾಲಡಿ ನೋಡಿದ. ಎಲ್ಲೂ ಗಾಯವಿಲ್ಲ. ಗಾಯ ರಜೆ ಹಾಕಿ ಊರಿಗೆ ಹೋಗಿತ್ತು.

ಗೆಳೆಯರು ತಲೆ ತಗ್ಗಿಸಿ ಬಾಟಲಿಯ ಕತೆ, ಚಹಾದ ಕತೆ ಎಲ್ಲ ಒಪ್ಪಿಸಿದರು. ಡಾಕ್ಟರ್ ಬೈಯಲಿಲ್ಲ. ಜೀಪು ಕಳಿಸಿ ಕಿಯೋಕೊನನ್ನು ಕರೆಸಿದ. ಕಿಯೋಕೊ ಜೀಪು ನಿಲ್ಲುವ ಮೊದಲೇ ಹಾರಿ ಓಡಿ ಬಂದ. ಗೌರವ್ವ ಮಲಗಿದಲ್ಲಿಂದಲೇ ಸೊಂಡಿಲು ಎತ್ತಿದಳು. ಅವನ ಕೈಯಿಂದ ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ಸಂಜೆಯ ಹೊತ್ತಿಗೆ ಬಾಟಲಿ ಖಾಲಿ ಮಾಡಿ ಎದ್ದು ನಿಂತಳು.

ಕಿಯೋಕೊ ಕಣ್ಣೊರೆಸಿಕೊಂಡು ನಕ್ಕ. ಅವನಿಗೆ ಒಳಗೊಳಗೇ ಹೆಮ್ಮೆ. ಡಾಕ್ಟರಿಗೆ ಅದು ಕಾಣಿಸಿತು. ಅವನನ್ನು ಹೊರಗೆ ಕರೆದು ಹೇಳಿದ:

“ನಾಳೆ ನಿನಗ ಹಾವು ಕಡದು ನೀ ಸತ್ರ, ನಾವು ಎರಡು ಕುಣಿ ತೋಡಬೇಕಾಕ್ಕೈತಿ. ಒಂದು ನಿಂದು. ಇನ್ನೊಂದು ಯಾರದು, ನೀನs ಹೇಳು.”

ಹಾಗಾದರೆ ನಾನು ಕೆಲಸ ಬಿಟ್ಟು ಹೋಗಿಬಿಡಲೇ ಅಂತ ಕಿಯೋಕೊ ಕೇಳಿದ. ಡಾಕ್ಟರ್ ಬೇಡ ಅಂದ. ಹೋದರೆ ಮರಿ ಮತ್ತೆ ಗೋಡೆಗೆ ಹಣೆ ಹಚ್ಚುತ್ತದೆ. ಗಂಟು ಹಾಕಿದವನು ನೀನೇ, ಇಲ್ಲೇ ಇದ್ದು ನೀನೇ ಬಿಚ್ಚಬೇಕು ಅಂದ.

ಆಮೇಲೆ ಕಿಯೋಕೊ ಬಾಟಲಿ ಹಿಡಿಯುವಾಗ ಪಕ್ಕದಲ್ಲಿ ಇನ್ನೊಬ್ಬನ ಕೈಯೂ ಇರುತ್ತಿತ್ತು. ಕೆಲವು ದಿನ ಕಳೆದ ಮೇಲೆ ಇನ್ನೊಬ್ಬನ ಕೈ ಮುಂದೆ, ಅವನ ಕೈ ಹಿಂದೆ. ಮತ್ತೆ ಕೆಲವು ದಿನಕ್ಕೆ ಅವನು ಕಂಬಳಿಯ ಆಚೆ ನಿಂತು ಬರೀ ದನಿ ಕೇಳಿಸುತ್ತಿದ್ದ. ಆಮೇಲೆ ಅಂಗಳದಲ್ಲಿ ನಿಂತ. ಆಮೇಲೆ ಬೇರೆ ಮರಿಯ ಕೊಟ್ಟಿಗೆಗೆ ಮಲಗಲು ಹೋದ. ಗೌರವ್ವ ಮೊದಮೊದಲು ಕೂಗಿದಳು. ಗೋಡೆಯ ಈಚೆ ಅವನು, ತನ್ನ ದನಿ ಅವಳಿಗೆ ಕೇಳಿಸಬಾರದು ಅಂತ, ಬಾಯಿಗೆ ಟವೆಲ್ಲು ತುರುಕಿಕೊಂಡು ಮಲಗಿದ. ಒಂದು ದಿನ ಅವಳು ಅವನನ್ನು ಹುಡುಕದೆಯೇ ಯಾರದೋ ಕೈಯಿಂದ ಹಾಲು ಕುಡಿದು, ಬಾಟಲಿ ಕಸಿದುಕೊಂಡು ಓಡಿದಳು. ಎಲ್ಲರೂ ನಕ್ಕರು. ಕಿಯೋಕೊನೂ ನಕ್ಕ. ಅವತ್ತು ಅವನಿಗೆ ಊಟ ಸೇರಲಿಲ್ಲ.

ಮರಿ ದೊಡ್ಡದಾಯಿತು. ಎಷ್ಟು ದೊಡ್ಡದು ಅಂದರೆ, ಅವಳ ನೆರಳಿನಲ್ಲಿ ಒಂದು ಮದುವೆಯ ಪಂಕ್ತಿ ಊಟಕ್ಕೆ ಕೂಡಬಹುದಿತ್ತು. ದಿನಾ ಬೆಳಿಗ್ಗೆ ಬೇರೆ ತಬ್ಬಲಿ ಆನೆಗಳ ಜೊತೆ ಕಾಡಿಗೆ ಮೇಯಲು ಹೋಗುವಳು, ಸಂಜೆ ಕಾವಲುಗಾರರ ಹಿಂದೆ ಕ್ಯಾಂಪಿಗೆ ಬರುವಳು.

ಒಂದು ಸಂಜೆ ನೀರಿನ ಹೊಂಡದ ಹತ್ತಿರ ಕಾಡಾನೆಗಳ ಹಿಂಡು ಬಂತು. ಹಿಂಡಿನ ಮುದಿ ಆನೆ ಗೌರವ್ವನ ಬಳಿಗೆ ಬಂದು ಅವಳ ಬಾಯೊಳಗೆ ಸೊಂಡಿಲಿಟ್ಟು ಮಾತಾಡಿಸಿತು. ಆನೆಗಳ ಪದ್ಧತಿ ಅದು, ನಾವು ಬೀಗರಿಗೆ ಎಲೆ ಅಡಿಕೆ ಕೊಟ್ಟ ಹಾಗೆ. ಆಮೇಲೆ ಹಿಂಡು ಹೊರಟಿತು. ಗೌರವ್ವ ಅದರ ಹಿಂದೆ ಹೊರಟಳು. ಸ್ವಲ್ಪ ದೂರ ಹೋದಳು. ನಿಂತಳು. ತಿರುಗಿದಳು.

ಕಾವಲುಗಾರರು ಐದಾರು ಮಂದಿ ನಿಂತಿದ್ದರು, ಎಲ್ಲರ ಕೋಟೂ ಒಂದೇ ಬಣ್ಣ. ಗೌರವ್ವ ನೋಡಿದ್ದು ಒಬ್ಬನನ್ನೇ.

ಕಿಯೋಕೊಗೆ ಗೊತ್ತಾಯಿತು. ಕರೆದರೆ ಬರುತ್ತಾಳೆ. ಕರೆಯದಿದ್ದರೂ, ಅವನು ಬಿಕ್ಕಿದರೆ ಸಾಕು, ಏನಾಯಿತು ಅಂತ ನೋಡಲು ಓಡಿ ಬರುತ್ತಾಳೆ. ಅಷ್ಟರಲ್ಲಿ ಹಿಂಡು ಕಾಡು ಸೇರಿರುತ್ತದೆ, ಮತ್ತೆ ಯಾವಾಗಲೋ, ಬರುತ್ತದೋ ಇಲ್ಲವೋ. ಅಡಗಿಕೊಂಡರೆ ಹುಡುಕಲು ಬರುತ್ತಾಳೆ. ಅವನು ಅಲ್ಲೇ, ಅವಳಿಗೆ ಕಾಣುವ ಹಾಗೆ, ಬಾಗಿ ಖಾಲಿ ಬಾಟಲಿಗಳನ್ನು ಚೀಲಕ್ಕೆ ತುಂಬಿದ. ನಿನ್ನೆಯ ಗಂಜಿಗೆ ಅಷ್ಟು ಉಪ್ಪು ಹಾಕಿದವನು ಯಾರು, ನಾಲಗೆ ಸುಟ್ಟುಹೋಯಿತು ಅಂತ ಗೆಳೆಯನ ಜೊತೆ ಜಗಳ ತೆಗೆದ. ಗೆಳೆಯ ಏನೋ ಅಂದದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕ. ಚೀಲ ಹೆಗಲಿಗೇರಿಸಿ, ದಿನಾ ಸಂಜೆ ಹೋಗುವ ಹಾಗೆ ಕ್ಯಾಂಪಿನ ದಾರಿ ಹಿಡಿದ.

ಗೌರವ್ವ ನೋಡುತ್ತ ನಿಂತಳು. ಅವನ ನಡಿಗೆ ನೋಡಿದಳು, ನಗು ಕೇಳಿದಳು. ಎಲ್ಲ ಸರಿಯಿದೆ ಅನ್ನಿಸಿತೋ ಏನೋ, ಕಿವಿ ಬೀಸಿ, ತಿರುಗಿ, ಹಿಂಡಿನ ಹಿಂದೆ ಓಡಿದಳು. ಇವತ್ತಿಗೂ ಆ ಕಾಡಿನಲ್ಲಿ ಸುಖವಾಗಿದ್ದಾಳೆ. ಎರಡು ಮರಿ ಹಾಕಿದ್ದಾಳೆ.

ಅಜ್ಜಾರು ಮಡಿಲಿನ ಸಿಪ್ಪೆ ಕೊಡವಿದರು. ಕಿಯೋಕೊನೂ ಆರಾಮಾಗಿದ್ದಾನೆ ಅಂದರು. ಅವತ್ತು ಅವನಿಗೆ ಏನೇನೂ ಅನ್ನಿಸಲಿಲ್ಲ. ಕ್ಯಾಂಪಿಗೆ ಬಂದ, ಹೊಟ್ಟೆ ತುಂಬ ಉಂಡ, ಹಾಡು ಹೇಳುತ್ತ ಬಾಟಲಿ ತೊಳೆದ, ತಲೆದಿಂಬಿಗೆ ತಲೆ ಕೊಟ್ಟದ್ದೇ ಗೊರಕೆ.

ನೊಣಕ್ಕೆ ನಿದ್ದೆ ಬಂದಾಗ ನೀಲವ್ವ ಸುಮ್ಮನಿದ್ದಳು. ನೀರಾನೆಯ ಬೆನ್ನ ಮೇಲೆ ಜೀಪು ಹೋದಾಗಲೂ ಸುಮ್ಮನಿದ್ದಳು. ಆನೆ ಸೋಪು ಹಚ್ಚಿದ್ದನ್ನೂ ನುಂಗಿಕೊಂಡಿದ್ದಳು. ಈಗ ಕೈಯಲ್ಲಿದ್ದ ಶೇಂಗಾ ಬುಟ್ಟಿಗೆ ಹಾಕಿ ಅಜ್ಜಾರ ಮುಖ ನೋಡಿದಳು.

“ಅಜ್ಜಾರ, ಅವಗ ಏನೂ ಅನಸಲಿಲ್ಲ ಅಂದ್ರಲ್ಲ, ಅದು ಶುದ್ಧ ಸುಳ್ಳು.”

“ಸುಳ್ಳs ಯವ್ವಾ, ಆದ್ರ ಆನಿ ನಂಬಿತು.”